ಹಳಿಯಾಳದಲ್ಲಿ ಮಂಜುಳಾ ಆಡಿದ ಆಟ

ಆಗೆಲ್ಲ ದಾಂಡೇಲಿಗೆ ನೆಂಟರು ಬಂದರೆ ಬಸ್ಸಿಳಿಯುತ್ತಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಾಗದದ ಕಾರ್ಖಾನೆಯಲ್ಲಿ ಬೇಯುವ ಬಿದಿರಿನ ವಾಸನೆ ಅದು. ಅಲ್ಲೇ ಹುಟ್ಟಿದ ನಮ್ಮಂಥ ಕಾಲೊನಿ ಮಕ್ಕಳಿಗೆ ಅದು ತಿಳಿಯುತ್ತಲೇ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಮಗೆ ಗೊತ್ತಿದ್ದ ವಾಸನೆಯೆಂದರೆ ಮಳೆ ನಿಂತಮೇಲೆ ಬಿಸಿಲಿಗೆ ಒಣಗುವ ಮೈದಾನದ್ದು.

ಆ ವರ್ಷ ನಮ್ಮ ಏಳನೇ ತರಗತಿಗೆ ಮಂಜುಳಾ ಬಂದಳು. ಹಳಿಯಾಳದ ಕಡೆಯ ಕಾಡಂಚಿನ ಹಳ್ಳಿಯವಳು. ದಾಂಡೇಲಿಯಲ್ಲಿ ಕೂಲಿ ಮಾಡುತ್ತಿದ್ದ ಕಾಕಾನ ಮನೆಯಲ್ಲಿದ್ದು ಓದಲು ಬಂದಿದ್ದಳು. ಮೊದಮೊದಲು ಯಾರೊಡನೆಯೂ ಮಾತಿಲ್ಲ. ಒಂದು ಸಂಜೆ ಹುಡುಗರ ಫುಟ್‌ಬಾಲು ಗೆರೆ ದಾಟಿ ನಾವು ಹುಡುಗಿಯರು ಕೂತಿದ್ದ ಕಡೆ ಉರುಳಿ ಬಂತು. ಅವಳು ಲಂಗ ಎತ್ತಿ ಹಿಡಿದು ಬರಿಗಾಲಲ್ಲಿ ಒದ್ದಳು. ಚೆಂಡು ಎಲ್ಲರ ತಲೆಯ ಮೇಲೆ ಹಾದು ನೆಟ್ಟಗೆ ಗೋಲಿನೊಳಗೆ ಬಿತ್ತು.

ಹುಡುಗರ ನಾಯಕ ಇಕ್ಬಾಲ್ ಬಾಯಿ ತೆರೆದು ನಿಂತ. "ಏ, ಮತ್ತೊಮ್ಮೆ ಒದಿ, ನೋಡೂಣು."

ಮರುದಿನದಿಂದ ಅವಳೂ ತಂಡದಲ್ಲಿದ್ದಳು. ಅವಳ ಜೊತೆಗೆಂದು ನಾನು ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿಕೊಡುತ್ತಿದ್ದೆ. ಅವಳು ಓಡಿದರೆ ಚೆಂಡು ಸಾಕಿದ ನಾಯಿಯಂತೆ ಅವಳ ಕಾಲ ಬಳಿಯೇ ಇರುತ್ತಿತ್ತು. "ಹೆಣ್ಣಹುಡುಗಿ ಗಂಡಹುಡುಗರ ಜೋಡಿ ಆಡ್ತಾಳಂತ" ಎಂದು ಗೊಣಗಿದ ನನ್ನವ್ವನೇ, ಅಪ್ಪನ ಹಳೆಯ ಖಾಕಿ ಪ್ಯಾಂಟು ಕತ್ತರಿಸಿ ಅವಳಿಗೆ ಚಡ್ಡಿ ಹೊಲಿದುಕೊಟ್ಟಳು.

ದೀಪಾವಳಿ ರಜೆ ಮುಗಿದಮೇಲೆ ಹಳಿಯಾಳದ ಶಾಲೆಯೊಂದರ ಜೊತೆ ಪಂದ್ಯ ಗೊತ್ತಾಯಿತು. ನಮ್ಮ ಆಟದ ಮೇಷ್ಟ್ರು ಪಾಟೀಲ ಸರ್ ಮಂಜುಳಾಳನ್ನೂ ತಂಡಕ್ಕೆ ಸೇರಿಸಿದರು. ಅವಳ ಜೊತೆಗೆ ನಾನೂ ಹೊರಟೆ. ಬಸ್ಸಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಅವಳು ಹಿಗ್ಗಿನಿಂದ ಹೇಳಿದಳು: "ನಮ್ಮವ್ವ ಬರ್ತೇನಿ ಅಂದಾಳಲೇ, ನನ್ನ ಆಟ ನೋಡಾಕ."

ಅವಳ ಅವ್ವ ಆಗಲೇ ಬಂದು ಮೈದಾನದಂಚಿನ ಹುಣಸೆಮರದ ಕೆಳಗೆ ಕೂತಿದ್ದರು. ಆದರೆ ಮಂಜುಳಾಳನ್ನು ಕಂಡ ರೆಫ್ರಿ ಅಡ್ಡಡ್ಡ ತಲೆಯಾಡಿಸಿದರು.

"ಇದು ಹುಡುಗರ ಪಂದ್ಯ ಐತ್ರಿ ಪಾಟೀಲರ. ಹುಡುಗೀನ್ನ ಆಡ್ಸಾಕ ಬರಂಗಿಲ್ಲ."

ಸರ್ ಎಷ್ಟು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಮಂಜುಳಾ ಹೋಗಿ ಅವ್ವನ ಪಕ್ಕ ಕೂತಳು. ಅಳಲಿಲ್ಲ, ಸುಮ್ಮನೆ ಹುಲ್ಲು ಕೀಳುತ್ತಿದ್ದಳು. ಅವಳ ಅವ್ವನಿಗೆ ಏನೂ ತಿಳಿದಿರಲಿಲ್ಲ. "ನೀ ಯಾವಾಗ ಆಡ್ತಿ?" ಎಂದು ಕೇಳುತ್ತಲೇ ಇದ್ದರು.

ನಾವು ಸೋತೆವು. ಎಲ್ಲರೂ ಚೀಲ ಎತ್ತಿಕೊಳ್ಳುವಾಗ ಇಕ್ಬಾಲ್ ಹಳಿಯಾಳದ ನಾಯಕನ ಬಳಿ ಹೋದ.

"ಬಸ್ಸಿಗೆ ಇನ್ನೂ ಟೈಮ್ ಐತಿ. ಇನ್ನೊಂದು ಆಟ ಆಡೂಣೇನು? ನೀವು ಗೆದ್ದಿದ್ದು ಗೆದ್ದಂಗ, ಅದನ್ನ ಬಿಡು. ಆಕಿ ಅವ್ವ ಬಂದಾಳ. ಒಮ್ಮೆ ನೋಡ್ಲಿ."

ಆ ಹುಡುಗ ಮರದ ಕಡೆ ನೋಡಿದ. ಬಿಚ್ಚಿದ್ದ ಬೂಟಿನ ಲಾಡಿಯನ್ನು ಮತ್ತೆ ಕಟ್ಟತೊಡಗಿದ. ಸೈಕಲ್ ಹತ್ತಲು ಹೊರಟಿದ್ದ ರೆಫ್ರಿ ಇದನ್ನೆಲ್ಲ ನೋಡಿ ನಿಂತರು. ಸೈಕಲ್ ಗೋಡೆಗೆ ಒರಗಿಸಿ, ಮೈದಾನದ ನಡುವೆ ಬಂದು ಸೀಟಿ ಊದಿದರು.

ಅವತ್ತಿನಂಥ ಆಟವನ್ನು ಮಂಜುಳಾ ಎಂದೂ ಆಡಿರಲಿಲ್ಲ. ಅವಳು ಹೊಡೆದ ಮೊದಲ ಗೋಲಿಗೆ ಹಳಿಯಾಳದ ಗೋಲ್‌ಕೀಪರನೇ ನಕ್ಕುಬಿಟ್ಟ. ಅವಳ ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಕೊನೆಯವರೆಗೂ ನಿಂತೇ ನೋಡಿದರು. ಆಮೇಲೆ ಅದೇ ಸೆರಗಿನಿಂದ ಮಗಳ ಕಾಲಿನ ಮಣ್ಣು ಒರೆಸುತ್ತ, "ಇಷ್ಟ ಜೋರ ಒದೀತಿಯಲ್ಲ, ಕಾಲ ನೋಯಂಗಿಲ್ಲೇನ ನನ್ನ ಮಗಳ?" ಅಂದರು.

ಮುಂದಿನ ವರ್ಷ ಅವಳು ದೂರದ ಕ್ರೀಡಾ ಶಾಲೆಗೆ ಆಯ್ಕೆಯಾದಳು. ಅಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಇರಲಿಲ್ಲ, ಓಟಕ್ಕೆ ಹಾಕಿಕೊಂಡರು. ರಜೆಗೆ ಬಂದಾಗ, ಓಟ ಹೇಗಿದೆಯೆಂದು ಕೇಳಿದೆ.

"ಛಲೋ ಐತಿ. ಆದ್ರ ಒಬ್ಬಾಕೀನ ಓಡಬೇಕು. ಪಾಸ್ ಕೊಡಾಕ ಯಾರೂ ಇರಂಗಿಲ್ಲ."

ಅವಳು ಪದಕ ಗೆದ್ದಳು. ನೌಕರಿ ಸಿಕ್ಕಿತು, ಮಕ್ಕಳಾದವು. ನಮ್ಮೂರಲ್ಲಿ ಈಗ ಹುಡುಗಿಯರದೇ ತಂಡವಿದೆ. ಬಣ್ಣದ ಅಂಗಿ ತೊಟ್ಟು ಅವರು ಆಡುವುದನ್ನು ನೋಡುತ್ತ ಖುಷಿಪಡುತ್ತೇನೆ. ಆದರೆ ಮಂಜುಳಾ ಎಷ್ಟು ದೊಡ್ಡ ಆಟಗಾರ್ತಿ ಆಗಬಹುದಿತ್ತು ಎಂಬುದು ಯಾರಿಗೂ ತಿಳಿಯಲೇ ಇಲ್ಲ. ಅವಳಿಗೂ.