ಎರಡು ದೇಶಗಳಲ್ಲಿ ನಿಂತ ಮಗ್ಗ

ಕಳೆದ ಗುರುವಾರ ನನ್ನಿಂದ ಆಗಬೇಕಿದ್ದದ್ದು ಒಂದೇ ಕೆಲಸ. ಮಧ್ಯಾಹ್ನ ಒಂದು ತಾಸು ನನ್ನ ಪವರ್‌ಲೂಮ್ ಬಂದ್ ಮಾಡುವುದು. ಸ್ವಿಚ್ ಒತ್ತಿದರೆ ಮುಗಿಯಿತು. ಹೊತ್ತಿಗೆ ಸರಿಯಾಗಿ ಒತ್ತಲಿಲ್ಲ.

ಕೇಳಿದವಳು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಕ್ಕ ಮಹಾದೇವಿ. ಬನಹಟ್ಟಿಯ ನಮ್ಮ ಓಣಿಯಲ್ಲಿ ನೇಕಾರರ ಯೂನಿಯನ್ ನಡೆಸುವವಳು. (ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಮಗ್ಗ ಹಿಡಿದವನು.) ಅದೇ ಹೊತ್ತಿಗೆ ಬಾಂಗ್ಲಾದೇಶದ ನೇಕಾರರೂ ಮಗ್ಗ ನಿಲ್ಲಿಸುವುದು, ವಿಡಿಯೊ ಕಾಲ್‌ನಲ್ಲಿ ಒಬ್ಬರಿಗೊಬ್ಬರು ತೋರಿಸುವುದು ಎಂದು ಎರಡೂ ಕಡೆಯ ಯೂನಿಯನ್‌ಗಳು ಮಾತಾಡಿಕೊಂಡಿದ್ದವು. ಬೇಡಿಕೆಯೂ ಒಂದೇ: ನೇಯ್ಗೆಯ ಕೂಲಿ, ಮಜೂರಿ ಇಳಿಸಬೇಡಿ.

ನನಗೆ ಸಿಟ್ಟು. "ಸುಂಕ ತಗದ ಮ್ಯಾಲೆ ಅವರ ಬಟ್ಟಿ ಬಂದು ನಮ್ಮ ಮಾಲು ಬಿದ್ದೈತಿ. ಅಂಥವರ ಸಲುವಾಗಿ ನಾ ಯಾಕ ನಿಲ್ಲಿಸ್ಲಿ ಬೇ ಅಕ್ಕಾ?" ಎಂದಿದ್ದೆ.

"ಮಜೂರಿ ಕೇಳಿದ್ರ ನೂಲು ಕೊಟ್ಟು ನೇಯಿಸೋ ನಮ್ಮ ಸಾವಕಾರ ಏನಂತಾನ? ಬಾಂಗ್ಲಾದಾಗ ಅಗ್ಗ ನೇಯ್ತಾರ ಅಂತಾನ. ಅಲ್ಲಿ ಸಾವಕಾರನೂ ಹಂಗ ಅಂತಾನಂತ, ಇಂಡಿಯಾದಾಗ ಅಗ್ಗ ಅಂತ. ಈಗ ಹೇಳಲೇ ಶಾಣ್ಯಾ, ಖರೇನ ಅಗ್ಗ ಯಾರು?" ಎಂದಳು ಅಕ್ಕ.

ನಾನು ಎದ್ದು ಮಗ್ಗಕ್ಕೆ ಹೋದೆ. ಹಟ ಬಿಡಲಿಲ್ಲ.

ಗುರುವಾರ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ನನ್ನದು ಬಡಿಯುತ್ತಲೇ ಇತ್ತು. ಅಕ್ಕ ಫೋನ್ ಹಿಡಿದುಕೊಂಡೇ ಶೆಡ್ಡಿನೊಳಗೆ ಬಂದಳು. ಬೈಯಲಿಲ್ಲ. ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ನಿನ್ನ ಸಪ್ಪಳ ಅವರಿಗೆ ಕೇಳಾಕತ್ತೈತಿ. ಇಂಡಿಯಾದಾಗ ನಡಸ್ಯಾರ, ನಾವ್ಯಾಕ ನಿಲ್ಲಸೂನು ಅಂತ ಅಲ್ಲಿ ಒಬ್ಬಾಂವ ಮತ್ತ ಚಾಲೂ ಮಾಡಾಕ ಹೊಂಟಾನ. ಏನ್ ಹೇಳ್ಲಿ ಅವಗ?"

ಅದು ನನ್ನದೇ ಮಾತಲ್ಲವೇ?

ಸ್ವಿಚ್ ಒತ್ತಿದೆ.

ಹಗಲು ಹೊತ್ತಿನಲ್ಲಿ ನಮ್ಮ ಓಣಿ ಸುಮ್ಮನಾಗುವುದು ಕರೆಂಟ್ ಹೋದಾಗ ಮಾತ್ರ. ಅಂದು ತಲೆಯ ಮೇಲೆ ಬಲ್ಬ್ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು. ಕರೆಂಟ್ ಇದ್ದೂ ಒಂದೇ ಒಂದು ಮಗ್ಗದ ಸದ್ದಿಲ್ಲ.

ಫೋನಿನಲ್ಲಿ ನೋಡಿದೆ. ಅಲ್ಲಿಯೂ ನಮ್ಮಂಥದ್ದೇ ತಗಡಿನ ಶೆಡ್. ಅಲ್ಲಿಯೂ ಬಲ್ಬ್ ಉರಿಯುತ್ತಿದೆ, ಮಗ್ಗ ನಿಂತಿದೆ. ಲುಂಗಿ ಉಟ್ಟವನೊಬ್ಬ ಸ್ವಿಚ್‌ನಿಂದ ಕೈ ತೆಗೆದು ನನ್ನನ್ನೇ ನೋಡುತ್ತಿದ್ದಾನೆ. ನಡುವೆ ಎಷ್ಟು ಊರು, ಎಷ್ಟು ನದಿ, ಮುಳ್ಳುತಂತಿಯ ಒಂದು ಗಡಿ. ಇಷ್ಟೆಲ್ಲ ದಾಟಿ ಅವರು ನಮ್ಮ ಜೊತೆ ಸುಮ್ಮನೆ ನಿಂತಿದ್ದರು.

"ಅಕ್ಕಾ, ತಪ್ಪಾತು" ಎಂದೆ.

"ನನಗ್ಯಾಕ ಹೇಳ್ತಿ? ಅವಗ ಹೇಳು" ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು.

ಕಾಲ್‌ನಲ್ಲಿ ಮಾತು ನಡೆದದ್ದು ಹಿಂದಿಯಲ್ಲಿ, ನನ್ನ ಹಿಂದಿ ಅಷ್ಟಕ್ಕಷ್ಟೇ. ಕೈ ಮುಗಿದು ಕನ್ನಡದಲ್ಲೇ ಹೇಳಿದೆ: "ತಪ್ಪಾತ್ರೀ ಅಣ್ಣಾರ. ನಂದೂ ಬಂದ್ ಆತು."