ಇಪ್ಪತ್ತೇಳನೇ ಪ್ರಶ್ನೆ ಮತ್ತು ಕೆಂಪು ಮಾಂಸ

ಹೆಮ್ಮರಗಾಲದ ಚಿಕ್ಕಮಾದಮ್ಮನಿಗೆ ನಲವತ್ತಾರನೇ ವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು. ಊರೂರು ತಿರುಗಿ, ಜನ ಏನು ತಿನ್ನುತ್ತಾರೆ ಅಂತ ಕೇಳಿ ಬರೆದುಕೊಳ್ಳುವ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಮಾತಿಗೆ ಹೆದರುವವಳಲ್ಲ, ಯಾರ ಮನೆ ಜಗಲಿಯಾದರೂ ಸರಿ, ಸಲೀಸಾಗಿ ಕೂತುಬಿಡುತ್ತಿದ್ದಳು. ಮೈಸೂರಿನ ಸಂಸ್ಥೆಯೊಂದು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಊಟಕ್ಕೂ ಕಾಯಿಲೆಗೂ ಏನು ಸಂಬಂಧ ಅಂತ ಸರ್ವೆ ಮಾಡಿಸುತ್ತಿತ್ತು. ಅವರಿಗೆ ಬೇಕಿದ್ದದ್ದೂ ಇಂಥವಳೇ.

ಟ್ರೈನಿಂಗ್ ದಿನ ಸೂಪರ್‌ವೈಸರ್ ಚಿರಂತನ ಅವಳನ್ನೇ ಎದುರಿಗೆ ಕೂರಿಸಿಕೊಂಡು ಟ್ಯಾಬಿನಲ್ಲಿದ್ದ ಪ್ರಶ್ನೆಗಳನ್ನು ಕೇಳಿ ತೋರಿಸಿದ. ಇಪ್ಪತ್ತೇಳನೆಯದು ಹೀಗಿತ್ತು: ಕಳೆದ ಒಂದು ವರ್ಷದಲ್ಲಿ ಕೆಂಪು ಮಾಂಸ ಎಷ್ಟು ಸಲ ತಿಂದಿದ್ದೀರಿ, ಸಲಕ್ಕೆ ಎಷ್ಟು ಗ್ರಾಂ? ನಲವತ್ತು ಜನ ಅವಳ ಬಾಯನ್ನೇ ನೋಡುತ್ತಿದ್ದರು. ತಿಂಗಳಿಗೊಂದು ಸಲ ಅಂದುಬಿಟ್ಟಳು. ಬಸ್ಸಿನಲ್ಲಿ ಊರಿಗೆ ಬರುವಾಗ ಬೆರಳು ಮಡಚಿ ನೋಡಿದರೆ, ಆ ತಿಂಗಳೊಂದರಲ್ಲೇ ಐದು ಸಲ ಆಗಿತ್ತು, ಅದೂ ನಾದಿನಿ ಮನೆಯ ಬಾಡೂಟ ಬಿಟ್ಟು. ಯಾಕೆ ಹಾಗಂದೆ ಅಂತ ಅವಳಿಗೇ ತಿಳಿಯಲಿಲ್ಲ. ಇನ್ನು ಮಿಕ್ಕವರು ಏನನ್ನಬಹುದು ಅಂತ ಅನುಮಾನ ಹುಟ್ಟಿದ್ದು ಆವತ್ತೇ.

ಕೆಲಸ ಶುರುವಾದ ಮೇಲೆ, ಕೆಂಪು ಮಾಂಸ ಅಂದರೇನು ಅಂತ ಮೊದಲು ಬಿಡಿಸಿ ಹೇಳಬೇಕಾಯಿತು. ಮಟನ್ನು ಅಂದರೆ, ಹಸಿಯಾಗಿದ್ದಾಗ ಕೋಳಿಯೂ ಕೆಂಪಗೇ ಇರುತ್ತದಲ್ಲ ಅಂತ ಒಬ್ಬ ಅಜ್ಜ ವಾದ ಹೂಡಿದ. ಗ್ರಾಂ ತಿಳಿಯಲಿ ಅಂತ ಸಂಸ್ಥೆಯವರು ಒಂದು ಇಸ್ಪೀಟು ಕಟ್ಟಿನ ಚಿತ್ರ ಕೊಟ್ಟಿದ್ದರು; ಅಷ್ಟು ಗಾತ್ರದ ತುಂಡು ಅಂದರೆ ಸುಮಾರು ಎಂಬತ್ತೈದು ಗ್ರಾಂ. ಇಷ್ಟು ದಪ್ಪ ತಿನ್ನುತ್ತೀರಾ ಅಂತ ಅದನ್ನು ಹಿಡಿದರೆ, ಗಂಡಸರು ಇಸ್ಪೀಟಾಟ ಹಿಡಿಯಲು ಪೊಲೀಸರು ಬಂದರೇನೋ ಅನ್ನುವಂತೆ ಆಚೀಚೆ ನೋಡುತ್ತಿದ್ದರು.

ಅವಳ ದೊಡ್ಡಪ್ಪನ ಮಗ ದೊಡ್ಡಸಿದ್ದಯ್ಯನ ಮನೆಗೂ ಹೋದಳು. ಮಾವನ ಬಿಪಿ ಮಾತ್ರೆಗೆ ಕಾವಲಿದ್ದ ಸೊಸೆ ಮಂಗಳಮ್ಮ ಬಾಗಿಲಲ್ಲೇ ನಿಂತಿದ್ದಳು. ದೊಡ್ಡಸಿದ್ದಯ್ಯ ಸೊಸೆಯ ಮುಖ ನೋಡಿ, ವರ್ಷಕ್ಕೊಂದು ಸಲ, ಹಬ್ಬಕ್ಕೆ ಅಂದ. ನಾದಿನಿ ಮನೆಯ ಬಾಡೂಟದಲ್ಲಿ ಇದೇ ಅಣ್ಣ ತನ್ನ ಪಂಕ್ತಿಯಲ್ಲೇ ಕೂತು ನಲ್ಲಿಮೂಳೆ ಚೀಪಿದ್ದನ್ನು ಚಿಕ್ಕಮಾದಮ್ಮ ಕಣ್ಣಾರೆ ಕಂಡಿದ್ದಳು. ಏನು ಹಾಕಲಿ ಅಂತ ಚಿರಂತನನಿಗೆ ಫೋನು ಮಾಡಿದಳು.

"ಅವರು ಹೇಳಿದ್ದನ್ನ ಹಾಕಿ ಚಿಕ್ಕಮಾದಮ್ಮನವ್ರೆ, ನೀವು ಕಂಡದ್ದನ್ನಲ್ಲ" ಅಂದ ಅವನು.

ಒಂದು ಅಂತ ಒತ್ತಿದಳು. ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ಒಂದು ನೋಟ್‌ಬುಕ್ ಕೊಂಡು, ಹನ್ನೆರಡು ಗಂಡಸರನ್ನು ಆರಿಸಿಕೊಂಡು, ಹೆಸರು ಹಾಕದೆ ನಂಬರ್ ಹಾಕಿದಳು. ಟೀ ಅಂಗಡಿಯಲ್ಲಿ ಸಿಕ್ಕಿದಾಗ ಹರಟೆಯ ನಡುವೆ ಅದೇ ಪ್ರಶ್ನೆಯನ್ನು ತೇಲಿಬಿಟ್ಟಳು. ಗೆಳೆಯರ ಮುಂದೆ ದೊಡ್ಡಸಿದ್ದಯ್ಯ ವಾರಕ್ಕೆ ಮೂರು ಸಲ, ಒಂದು ಕೆಜಿ ಬಾಡು ಒಬ್ಬನೇ ಎತ್ತುತ್ತೀನಿ ಅಂತ ಮೀಸೆ ತಿರುವಿದ. ಆಮೇಲೆ ತಗಡೂರಿನ ಮಟನ್ ಅಂಗಡಿಯ ಚನ್ನಯ್ಯನನ್ನು ವಿಚಾರಿಸಿದಳು. ಅವನು ನಕ್ಕು, ಆಯಪ್ಪ ಹದಿನೈದು ದಿನಕ್ಕೊಂದು ಸಲ ಅರ್ಧ ಕೆಜಿ ಒಯ್ದರೆ ಹೆಚ್ಚು ಅಂದ. ಹನ್ನೆರಡು ಜನರದ್ದೂ ಹೀಗೇ. ಮನೆಯಲ್ಲೊಂದು, ಟೀ ಅಂಗಡಿಯಲ್ಲೊಂದು, ಚನ್ನಯ್ಯನ ಬಾಯಲ್ಲಿ ಮತ್ತೊಂದು.

ಆರು ತಿಂಗಳಾದ ಮೇಲೆ ತಿ. ನರಸೀಪುರದಲ್ಲಿ ಸಭೆ ಸೇರಿತು. ಸರ್ವೆಯ ಮುಖ್ಯಸ್ಥೆ ಡಾಕ್ಟರ್ ಸುಚೇತಾ ಪರದೆಯ ಮೇಲೆ ಬಣ್ಣದ ಗೆರೆ ತೋರಿಸಿ, ಕೆಂಪು ಮಾಂಸ ಹೆಚ್ಚು ತಿನ್ನುವವರಲ್ಲಿ ಬಿಪಿ ಹೆಚ್ಚು ಕಂಡಿದೆ, ಬಾಡು ಬಿಡಿ ಅಂತ ಕರಪತ್ರವೂ ಅಚ್ಚಿಗೆ ಸಿದ್ಧವಾಗಿದೆ ಅಂದರು. ಚಿಕ್ಕಮಾದಮ್ಮ ಎದ್ದು ನಿಂತು, ನೋಟ್‌ಬುಕ್ಕಿನಲ್ಲಿದ್ದದ್ದನ್ನು ಓದಿ ಹೇಳಿದಳು. ಸಭೆಯಲ್ಲಿ ನಗು ಎದ್ದಿತು. ಚಿರಂತನ ನೆಲ ನೋಡಿದ. ಅವಳು ಅಷ್ಟಕ್ಕೆ ಬಿಡಲಿಲ್ಲ. ಬಾಡು ಮುಟ್ಟದ ರೈಸ್‌ಮಿಲ್ಲಿನ ಶಂಭುಲಿಂಗಪ್ಪನವರು ದಿನಾ ಬೆಳಿಗ್ಗೆ ಕಪಿಲೆ ದಂಡೆಯಲ್ಲಿ ಎರಡು ಮೈಲಿ ನಡೆಯುತ್ತಾರೆ, ಬೀಡಿ ಮುಟ್ಟುವುದಿಲ್ಲ. ಅವರ ಬಿಪಿ ಚೆನ್ನಾಗಿರುವುದು ಬಾಡು ಬಿಟ್ಟದ್ದಕ್ಕೋ ನಡೆದದ್ದಕ್ಕೋ ಅಂತ ಕೇಳಿದಳು.

ಬೀಡಿ ಸೇದುವವರನ್ನೆಲ್ಲ ಬೇರೆ ಮಾಡಿಯೇ ಲೆಕ್ಕ ಹಾಕಿದ್ದೇವೆ ಅಂತ ಸುಚೇತಾ ಸಮಾಧಾನ ಹೇಳಿದರು.

"ಬೀಡಿ ಪ್ರಶ್ನೆನೂ ನಾನೇ ಕೇಳಿದ್ದು ಮೇಡಮ್ಮೋರೆ. ಅದೂ ಸೊಸೆದೀರ ಮುಂದೇನೇ."

ಈ ಸಲ ಸುಚೇತಾ ಅವರಿಗೂ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಮಟನ್ ಒಳ್ಳೇದು ಅಂತೀರಾ?"

"ನಾ ಅಂಗೆ ಯೋಳಿಲ್ಲ. ಒಳ್ಳೇದೋ ಕೆಟ್ಟದ್ದೋ, ಈ ಗೆರೆ ನೋಡಿ ಯೋಳಕ್ಕಾಗಲ್ಲ ಅಂತೀನಿ."

ಕರಪತ್ರ ಅಚ್ಚಿಗೆ ಹೋಗಲಿಲ್ಲ. ಕೆಲಸ ಹೋಯಿತು ಅಂತ ಚಿಕ್ಕಮಾದಮ್ಮ ಅಂದುಕೊಂಡರೆ, ಹದಿನೈದು ದಿನಕ್ಕೆ ಸುಚೇತಾ ಅವರಿಂದಲೇ ಫೋನು ಬಂತು. ಇನ್ನು ಮೇಲೆ ಕೇಳುವುದು ಬೇಡ, ತೂಗಿಯೇ ನೋಡೋಣ ಅಂದರು.

ಒಂದು ಭಾನುವಾರ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಹಿಡಿದು ಹೆಮ್ಮರಗಾಲಕ್ಕೆ, ದೊಡ್ಡಸಿದ್ದಯ್ಯನ ಮನೆಗೇ ಬಂದುಬಿಟ್ಟರು. ದೇವಸ್ಥಾನದ ಪೂಜೆಯ ಮನೆತನದ ಹೆಣ್ಣುಮಗಳು, ಜನ್ಮದಲ್ಲಿ ಬಾಡಿನ ಸಾರನ್ನು ಇಷ್ಟು ಹತ್ತಿರದಿಂದ ಕಂಡವರಲ್ಲ. ಸೆರಗು ಮೂಗಿಗೆ ಹೋಗದ ಹಾಗೆ ಬಿಗಿಹಿಡಿದು ಕೂತರು. ಮಂಗಳಮ್ಮ ಒಂದೊಂದು ತಟ್ಟೆಗೆ ಬಡಿಸಿ ತಕ್ಕಡಿಯ ಮೇಲಿಟ್ಟಳು. ಮಾವನ ತಟ್ಟೆ ಬಂದಾಗ ದೊಡ್ಡಸಿದ್ದಯ್ಯ ಕೈ ಅಡ್ಡ ಹಿಡಿದು, ಎರಡು ತುಂಡು ಸಾಕು ಅಂದ. ಮೂಳೆ ಸೇರಿ ಐವತ್ತೆಂಟು ಗ್ರಾಂ. ಸುಚೇತಾ ಬರೆದುಕೊಂಡರು.

"ಯಾಕಣ್ಣ, ಒಟ್ಟೆ ಸರಿಯಿಲ್ವಾ?" ಅಂತ ಚಿಕ್ಕಮಾದಮ್ಮ ಕೆಣಕಿದಳು.

"ತಕ್ಕಡಿ ಮುಂದೆ ಎಂಗವ್ವಾ ಉಣ್ಣದು?" ಅಂದ ಅವನು, ಮುದ್ದೆ ಮುರಿಯುತ್ತ.

ಸುಚೇತಾ ತಕ್ಕಡಿ ಆಫ್ ಮಾಡಿ, ಬ್ಯಾಗಿಗೆ ಹಾಕಿಕೊಂಡು, ತಮ್ಮ ಮೊಸರನ್ನದ ಡಬ್ಬಿ ಹಿಡಿದು ಜಗಲಿಗೆ ಹೋದರು. ಅವರು ಮುಚ್ಚಳ ತೆಗೆಯುವಷ್ಟರಲ್ಲಿ ಒಳಗೆ ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು ಕೇಳಿಸಿತು, ಒಂದಲ್ಲ, ಮೂರು ಸಲ.