ಕಡಲ ಗೋಪುರಕ್ಕೆ ಪೀಣ್ಯದ ಕಂಬಿ

ನಡುರಾತ್ರಿ ಕಳೆದಿದೆ. ಯಂತ್ರಗಳು ನಿಂತ ಶೆಡ್ಡಿನಲ್ಲಿ ‘ಪರ್’ ಎಂಬ ಸಣ್ಣ ಸದ್ದು. ಕಂಬಿಯ ಮೇಲೆ ಎಳೆಯುತ್ತಿದ್ದ ಹಳೇ ಸೀರೆಯ ತುಂಡು ಬೆಸುಗೆಯ ಮುಳ್ಳಿಗೆ ಸಿಕ್ಕಿಕೊಂಡಿದೆ. ದೇವಕ್ಕ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಗ್ರೈಂಡರ್ ಎತ್ತಿಕೊಳ್ಳುತ್ತಾರೆ. ಕಿಡಿ ಹಾರಿದಾಗ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಹಿಂದೆ ಸರಿಯುತ್ತೇನೆ, ಅವರು ಸರಿಯುವುದಿಲ್ಲ. ಬೆಳಗಿನ ಆರಕ್ಕೆ ಪಾಳಿ ಮುಗಿಯುವಾಗ ಇಂಥ ನಲವತ್ತು ಬೆಸುಗೆಗಳು ನಯವಾಗಿರುತ್ತವೆ.

“ನನ್ನ ಕೈ ಒರಟಾಗ್ಯಾವ ಮೇಡಂ, ಅವಕ್ಕ ತಿಳಿಯಂಗಿಲ್ಲ. ಅರಿವಿ ಸುಳ್ಳು ಹೇಳಂಗಿಲ್ಲ.”

ಸುರಪುರದ ಕಡೆಯ ದೇವಕ್ಕ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತಕ್ಕೆ ಬಂದು ಹದಿನೇಳು ವರ್ಷ. ಅವರ ಕೈಯಿಂದ ಹೋದ ಕೆಲಸಗಳಲ್ಲಿ ಒಂದನ್ನು ಶೆಡ್ಡಿನವರು ಇಂದಿಗೂ ‘ಸಮುದ್ರದ ಕೆಲಸ’ ಎನ್ನುತ್ತಾರೆ.

ಕರಾವಳಿಯ ಒಂದು ತೀರದಲ್ಲಿ, ಪ್ರವಾಸಿಗರು ಸೂರ್ಯಾಸ್ತ ನೋಡಲೆಂದು ಕಟ್ಟಿದ ಕಾಂಕ್ರೀಟ್ ಗೋಪುರವಿತ್ತು. ಇಪ್ಪತ್ತೆರಡೇ ವರ್ಷದಲ್ಲಿ ಉಪ್ಪುಗಾಳಿ ಒಳಗಿನ ಸರಳುಗಳನ್ನು ತಿಂದು ಹಾಕಿತು. ಬಾಗಿಲಿಗೆ ಬೀಗ ಬಿತ್ತು. ಎಂಟು ವರ್ಷದ ನಂತರ ಅದನ್ನು ಕೆಡವಿ ಉಕ್ಕಿನ ಗೋಪುರ ನಿಲ್ಲಿಸಿದರು. ಅದರ ನೂರ ಮೂವತ್ತೆರಡು ಮೆಟ್ಟಿಲು, ಅರವತ್ತಾರು ತುಂಡು ಕೈಹಿಡಿ ಕಂಬಿ ತಯಾರಾದದ್ದು ಇಲ್ಲಿ.

ತುಕ್ಕು ಹಿಡಿಯದಿರಲೆಂದು ಇಂಥ ಕಂಬಿಗಳನ್ನು ಕರಗಿದ ಸತುವಿನಲ್ಲಿ ಅದ್ದುತ್ತಾರೆ. ಅದ್ದಿದ ಮೇಲೆ ಉಜ್ಜುವಂತಿಲ್ಲ. ಉಜ್ಜಿದ ಕಡೆಯೇ ಉಪ್ಪುಗಾಳಿ ಒಳನುಗ್ಗುತ್ತದೆ. ಸತುವಿನ ಘಟಕಕ್ಕೆ ಹೊರಟ ಲಾರಿ ತುಂಬಿ ನಿಂತಿದ್ದಾಗ ದೇವಕ್ಕನ ಅರಿವೆ ಸಿಕ್ಕಿಕೊಂಡಿತು. ತುತ್ತತುದಿಯ ಅಂತಸ್ತಿನ ಕಂಬಿ, ಕೆಳಬದಿ, ಮಗುವಿನ ಕೈಯೆತ್ತರ.

ಮೇಸ್ತ್ರಿ ಕೃಷ್ಣಪ್ಪನವರಿಗೆ ರೇಗಿತು. “ಸತು ಹಿಡಿದ್ಮೇಲೆ ಎಲ್ಲ ಮುಚ್ಕೊಳುತ್ತೆ ಬಿಡು. ಜನ ಸಮುದ್ರ ನೋಡೋಕ್ ಬರ್ತಾರೆ, ನಿನ್ ಕಂಬಿ ನೋಡೋಕಲ್ಲ.”

“ನೋಡಂಗಿಲ್ರಿ, ಹಿಡೀತಾರ. ನಿಮ್ಮ ಮೊಮ್ಮಗಳು ಹಿಡಿದ್ರ?”

“ನಾಳೆಯಿಂದ ಬರ್ಬೇಡ ಅಂದ್ರೆ?”

“ಇವತ್ತಿಂದು ಮುಗಿಸಿ ಹೋಗ್ತೀನ್ರಿ.”

ಒಂದೇ ಅಚ್ಚಿನಲ್ಲಿ ಕೂಡಿಸಿದ್ದರಿಂದ ಆ ಅಂತಸ್ತಿನ ಒಂಬತ್ತು ತುಂಡುಗಳಲ್ಲೂ ಅದೇ ಮುಳ್ಳು ಇತ್ತು. ಒಂಬತ್ತನ್ನೂ ಇಳಿಸಿ ಉಜ್ಜಿದರು. ಲಾರಿ ಒಂದು ದಿನ ತಡವಾಯಿತು. ಕೆಲಸ ಹೋಗಲಿಲ್ಲ, ಈಗ ದೇವಕ್ಕ ತಲೆಯಾಡಿಸದೆ ಕೃಷ್ಣಪ್ಪ ಯಾವ ಲಾರಿಯನ್ನೂ ಬಿಡುವುದಿಲ್ಲ.

ಆದರೂ ದೇವಕ್ಕನ ಅನುಮಾನ ಹೋಗಿರಲಿಲ್ಲ. ಎಲ್ಲಾದರೂ ಒಂದು ಮುಳ್ಳು ಉಳಿದಿದ್ದರೆ? ಈ ಜನವರಿಯಲ್ಲಿ ಮನೆ ಓನರ್ ಅಶ್ವತ್ಥಮ್ಮ ಬೀದಿಯ ಹೆಂಗಸರನ್ನು ಬಸ್ಸಿನಲ್ಲಿ ಕರಾವಳಿಗೆ ಕರೆದೊಯ್ದಾಗ ದೇವಕ್ಕ ಒಬ್ಬರೇ ಗೋಪುರ ಹತ್ತಿದರು. ಮೇಲಿದ್ದ ಪ್ರವಾಸಿಗರೆಲ್ಲ ಕಡಲಿಗೆ ಮುಖ ಮಾಡಿದ್ದರೆ, ಇವರು ಸೆರಗನ್ನು ಕಂಬಿಯ ಕೆಳಬದಿಗೆ ಒತ್ತಿ ಪೂರ್ತಿ ಒಂದು ಸುತ್ತು ಬಂದರು. ಎಲ್ಲೂ ಸಿಕ್ಕಲಿಲ್ಲ.

ಕಾವಲುಗಾರ ನೋಡಿಬಿಟ್ಟ. “ಎಂತ ಅಮ್ಮ, ಒರೆಸ್ಲಿಕ್ಕೆ ಬಂದದ್ದಾ? ಸಮುದ್ರ ಆಚೆ ಉಂಟು.”

“ಯಾರ ಕೈಗರ ಚುಚ್ಚ್ಯದೇನ್ರಿ ಇದು?”

“ಇದು ಫಾರಿನ್ ಮಾಲು. ಚುಚ್ಚುದಿಲ್ಲ.”

ಇದನ್ನು ನನಗೆ ಹೇಳುವಾಗ ದೇವಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಕೆಳಗಿಳಿದಾಗ ಅಶ್ವತ್ಥಮ್ಮ, “ಅಷ್ಟೊತ್ತು ಮ್ಯಾಲೇನಮ್ಮಿ ಮಾಡ್ತಿದ್ದೆ?” ಎಂದು ಗದರಿದರಂತೆ.

“ಗಾಳಿ ಚಲೋ ಇತ್ರಿ ಅಂದೆ. ಶೆಡ್ಡಿನ್ಯಾಗೂ ಯಾರಿಗೂ ಹೇಳಿಲ್ಲ. ನೀವು ಬೇಕಂದ್ರ ಬರಕೋರಿ ಮೇಡಂ. ನಾ ಅಂತೂ ಹೇಳಂಗಿಲ್ಲ.”